ಈ ವಿಳಾಸದಲ್ಲಿ ಯಾರೂ ಇಲ್ಲ

ಹೆಬ್ಬಾಗಿಲು ಕೆಲಸ ಶುರುಮಾಡಿದ ಮೂರನೆಯ ದಿನ, ಬೆಳಗ್ಗೆ ಹತ್ತೂ ನಲವತ್ತಕ್ಕೆ, ಹಲಗೆಹಟ್ಟಿಯ ಏಳನೇ ಸಾಲಿನ ಇಪ್ಪತ್ತಮೂರನೇ ಮನೆಯಲ್ಲಿ ಐದು ವರ್ಷದ ಕೆಂಚಿಗೆ ಚೇಳು ಕುಟುಕಿತು.

ನೀರಿನ ಹರವಿಯ ಕೆಳಗೆ ತಂಪಿಗೆಂದು ಹಾಸಿದ್ದ ಒದ್ದೆ ಗೋಣಿಯಡಿ ಅವಳ ಆಟದ ಮುಚ್ಚಳ ಉರುಳಿ ಹೋಗಿತ್ತು. ಕೈ ಹಾಕಿದಳು. "ಅಮ್ಮಾ, ಮುಳ್ಳು" ಅಂದಳು ಮೊದಲು. ಆಮೇಲೆ ಕಿರುಚಿದಳು. ಅಕ್ಕಿ ಆರಿಸುತ್ತಿದ್ದ ಮೊರ ಬಿಟ್ಟು ದೇವೀರಿ ಓಡಿ ಬರುವಷ್ಟರಲ್ಲಿ ಅವಳ ಅತ್ತೆ ಓಬಜ್ಜಿ ಚಪ್ಪಲಿಯಿಂದ ಒಂದೇಟು ಹಾಕಿ, ಬಗ್ಗಿ ನೋಡುತ್ತಿದ್ದಳು.

"ಕೆಂಪಿಂದು ಕಣೇ" ಅಂದಳು ಓಬಜ್ಜಿ. "ಕರೇದಾಗಿದ್ರೆ ಉರಿ ಅಷ್ಟೇ ಅಂತಿದ್ದೆ."

ದೇವೀರಿ ಮಗುವನ್ನು ಮಡಿಲಿಗೆ ಎತ್ತಿಕೊಂಡು ಬೆರಳು ನೋಡಿದಳು. ಊತವಿಲ್ಲ, ಸಣ್ಣದೊಂದು ಚುಕ್ಕೆ. ಅದನ್ನು ನೋಡಿಯೇ ಅವಳಿಗೆ ಹೆದರಿಕೆಯಾಯಿತು. ಕೆಂಪು ಚೇಳಿನ ವಿಷ ಕುಟುಕಿದ ಕಡೆ ನಿಲ್ಲುವುದಿಲ್ಲ, ಎದೆಗೆ ಹೋಗುತ್ತದೆ, ಎಳೆಮಕ್ಕಳಾದರೆ ಎರಡು ಮೂರು ತಾಸಿನೊಳಗೆ ಮಾತ್ರೆ ಬೀಳಬೇಕು ಎಂದು ಆರೋಗ್ಯ ಠಾಣೆಯ ಡಾಕ್ಟರಮ್ಮ ಪ್ರತಿ ಬೇಸಿಗೆಯಲ್ಲೂ ಮನೆಮನೆಗೆ ಹೇಳಿ ಹೋಗುತ್ತಿದ್ದರು. ಠಾಣೆ ಮೂರು ಕಿಲೋಮೀಟರ್ ದೂರ. ಹೊರಗೆ ತಾಪ ಐವತ್ತಮೂರು.

ಬಿಸಿಲು ಹಿಡಿಯುವ ಗಾಜಿನ ಹಲಗೆಗಳನ್ನು ತೊಳೆದು ಕಾಯುವವರ ಊರು ಹಲಗೆಹಟ್ಟಿ. ನಾನ್ನೂರ ಹನ್ನೆರಡು ಮನೆಗಳು, ಎಲ್ಲವೂ ಅರ್ಧ ನೆಲದೊಳಗೆ ಹೂತಂಥವು. ಮೂರಡಿ ದಪ್ಪದ ಗೋಡೆ; ಪಕ್ಕದ ಮನೆಯಲ್ಲಿ ಒನಕೆ ಬಿದ್ದರೂ ಕೇಳಿಸದು. ತಾಪ ಐವತ್ತು ದಾಟಿದ ದಿನ ಬೆಳಗ್ಗೆ ಹತ್ತರಿಂದ ಸಂಜೆ ಆರರವರೆಗೆ ಬೀಗದ ಹೊತ್ತು. ಬಾಗಿಲುಗಳು ತಾವಾಗಿಯೇ ಮುಚ್ಚಿಕೊಳ್ಳುತ್ತವೆ. ಹಿಂದೆ ಯಾರೋ ಒಣಹಾಕಿದ ಬಟ್ಟೆ ತರಲು ಹೋಗಿ, ಯಾರೋ ಮೇಕೆ ಹುಡುಕಿ ಹೋಗಿ ಅಂಗಳದಲ್ಲೇ ಬಿದ್ದು ಸತ್ತ ಮೇಲೆ ಬಂದ ಏರ್ಪಾಡು ಅದು. ತಂಪುಗಾಡಿ ಬಂದು ಹೊಸ್ತಿಲಿಗೆ ಆತು ನಿಂತರೆ ಮಾತ್ರ ಬಾಗಿಲು ತೆರೆಯುತ್ತದೆ. ಗಾಡಿಯನ್ನು ಕರೆಯಲು ಗೋಡೆಯಲ್ಲೊಂದು ಮಾತಿನ ಪೆಟ್ಟಿಗೆ. ಅದರ ಹಳದಿ ಗುಂಡಿಗೆ ಊರಕೂಗು ಎಂದು ಹೆಸರು. ಅದನ್ನು ಒತ್ತಿ ಹೇಳಿದ ಮಾತು ಒಂದೇ ಸಲಕ್ಕೆ ಎಲ್ಲ ಮನೆಗೂ, ಠಾಣೆಗೂ, ಗಾಡಿಯವರಿಗೂ ಹೋಗುತ್ತದೆ.

ದೇವೀರಿ ಒತ್ತಿದಳು. "ಏಳನೇ ಸಾಲು ಇಪ್ಪತ್ತಮೂರು. ನಮ್ಮ ಕೆಂಚಿಗೆ ಕೆಂಪು ಚೇಳು ಕಡಿದೈತೆ. ಗಾಡಿ ಕಳಿಸ್ರಪ್ಪ, ಬೇಗ."

ಕಳಿಸಲಾಗಿದೆ ಎಂದು ಪೆಟ್ಟಿಗೆಯ ಮೇಲೆ ಅಕ್ಷರ ಮೂಡಿತು.

ಅವಳು ಉಸಿರು ಬಿಟ್ಟು ತಿರುಗಿದಳು. ಮಗುವಿನ ಹಣೆ ಒರೆಸಲು ಸೆರಗು ಎತ್ತಿದಾಗ ಮನೆಯೊಳಗೆ ಒಂದು ದನಿ ಕೇಳಿಸಿತು.

"ದೇವೀರೀ..."

ಮೆಲುವಾದ, ಅಕ್ಕರೆಯ ಹೆಣ್ಣುದನಿ. ಸಂದೇಶ ಬಂದರೆ ಪೆಟ್ಟಿಗೆ ಮೊದಲು ಗಂಟೆ ಬಾರಿಸುತ್ತದೆ, ಈಗ ಗಂಟೆಯಿಲ್ಲ. ಹೊರಗೆ ನರಪಿಳ್ಳೆ ಓಡಾಡದ ಹೊತ್ತು. ದೇವೀರಿಯ ಬಾಯಿ ಇನ್ನೇನು ತೆರೆಯಬೇಕು, ಓಬಜ್ಜಿ ಹಾರಿ ಬಂದು ತನ್ನ ಒರಟು ಅಂಗೈಯನ್ನು ಅವಳ ಬಾಯಿಗೆ ಒತ್ತಿದಳು.

"ಓಗೊಡಬ್ಯಾಡ!" ಎಂದು ಪಿಸುಗುಟ್ಟಿದಳು. "ಒಂದೇ ಸಲ ಕೂಗೈತೆ. ಮಗ ನರಳೋ ಹೊತ್ತಿಗೆ ಹೆಸರಿಡಿದು ಕೂಗೈತೆ. ಇನ್ನೊಂದು ಸಲ ಕೂಗಲಿ, ಆಮ್ಯಾಕೆ."

ಆ ಸೀಮೆಯಲ್ಲಿ ಅದನ್ನು ಯಾರೂ ಮೂಢನಂಬಿಕೆ ಎಂದು ಕರೆಯುತ್ತಿರಲಿಲ್ಲ. ಹೊಸ್ತಿಲು ಒದೆಯಬಾರದು ಎನ್ನುವಂಥದೇ ಒಂದು ನಡೆ. ಬೇಡದ್ದು ಒಂದೇ ಸಲ ಕೂಗುತ್ತದೆ. ಮನುಷ್ಯರಾದರೆ ಮತ್ತೆ ಕೂಗುತ್ತಾರೆ. ಇಬ್ಬರೂ ಉಸಿರು ಹಿಡಿದು ಕಾದರು. ಕೆಂಚಿ ಮುಲುಗುತ್ತಿದ್ದಳು. ದನಿ ಮತ್ತೆ ಬರಲಿಲ್ಲ.

"ನೋಡ್ದಾ?" ಅಂದಳು ಓಬಜ್ಜಿ, ಕೈ ತೆಗೆಯುತ್ತಾ.

*

ನಲವತ್ತು ಕಿಲೋಮೀಟರ್ ಆಚೆ, ತಾಲ್ಲೂಕು ಕೇಂದ್ರದಲ್ಲಿ ಹೆಬ್ಬಾಗಿಲನ್ನು ನಡೆಸುವ ಬಾಗಿಲುಕೋಣೆಯಲ್ಲಿ ಅದು ಸಂಭ್ರಮದ ದಿನ. ಹಿರಿಯ ಇಂಜಿನಿಯರ್ ತಿಮ್ಮರಾಯಪ್ಪ ಒಂದು ಡಬ್ಬಿ ಕೊಬ್ಬರಿ ಮಿಠಾಯಿ ತಂದಿದ್ದರು. ಜೊತೆಯ ಇಂಜಿನಿಯರ್ ಅಂಬುಜಾ ಗೋಡೆಯಗಲದ ಪರದೆಯ ಮುಂದೆ ಕೂತು ಲೆಕ್ಕ ಓದಿದಳು.

"ಮೂರು ದಿನಕ್ಕೆ ತೊಂಬತ್ತಾರು ಲಕ್ಷ ಸುಳ್ಳು ಸಂದೇಶ ವಾಪಸ್, ಸಾರ್."

"ಅಷ್ಟೂ ಯಾವನ ಮನೆ ಬಾಗ್ಲಿಗೆ ಹೋಗಬೇಕಿತ್ತೋ! ತಗೋಮ್ಮ, ಇನ್ನೊಂದು ಮಿಠಾಯಿ ತಗೋ."

ಎರಡು ವರ್ಷದಿಂದ ಸುಳ್ಳು ಸಂದೇಶಗಳ ಕಾಟ ನಾಡನ್ನೇ ಹಿಡಿದಿತ್ತು. ಎಲ್ಲೋ ಇರುವ ಯಂತ್ರಗಳು ಒಂದೇ ಗಳಿಗೆಯಲ್ಲಿ ಲಕ್ಷ ಮನೆಗಳಿಗೆ ಸಂದೇಶ ಸುರಿಯುತ್ತಿದ್ದವು. ಕಳಿಸಿದವರ ವಿಳಾಸ ಎಂದು ಇಲ್ಲದ ಬೀದಿ, ಇಲ್ಲದ ಮನೆಯ ಗುರುತು. ಕೆಲವು ಮಾರುವ ಮಾತು, ಕೆಲವು ಮೋಸದ ಮಾತು, ಕೆಲವು ಅಳುವ ಮಕ್ಕಳ ದನಿ. ಕಳೆದ ಬೇಸಿಗೆಯಲ್ಲಿ ಅಂಥದೊಂದು ಅಳು ಕೇಳಿ ತಂಪುಗಾಡಿಯೊಂದು ಹೊರಟಿತು. ಹೇಳಿದ ಜಾಗದಲ್ಲಿ ಮನೆಯೇ ಇರಲಿಲ್ಲ. ಹಿಂದಿರುಗುವಾಗ ಗಾಡಿ ಕೆಟ್ಟು, ಒಳಗಿದ್ದ ಇಬ್ಬರೂ ಸತ್ತರು. ಆ ಗಾಡಿಯನ್ನು ಕಳಿಸಿದ್ದು ತಿಮ್ಮರಾಯಪ್ಪ.

ಆಮೇಲೆ ಅವರಿಬ್ಬರೂ ಕೂತು ಕಟ್ಟಿದ್ದು ಹೆಬ್ಬಾಗಿಲು. ಅದರ ನಡೆ ಸರಳ. ಹಲವರಿಗೆ ಒಟ್ಟಿಗೆ ಹೋಗುವ ಯಾವ ಸಂದೇಶ ಬಂದರೂ ಅದನ್ನು ಹೊಸ್ತಿಲಲ್ಲೇ ನಿಲ್ಲಿಸುವುದು. ಕಳಿಸಿದವರ ವಿಳಾಸಕ್ಕೆ ತಿರುಗಿ, ಅಲ್ಲಿ ಬರೆದಿರುವ ಹೆಸರು ಹಿಡಿದು ಒಮ್ಮೆ ಕರೆಯುವುದು. ಇಪ್ಪತ್ತು ಸೆಕೆಂಡಿನೊಳಗೆ ಜೀವಂತ ಮನುಷ್ಯದನಿ 'ಓ' ಎಂದು ಓಗೊಟ್ಟರೆ ಒಳಗೆ ಬಿಡುವುದು. ಇಲ್ಲದಿದ್ದರೆ ಆ ವಿಳಾಸ ಸತ್ತಿದೆ ಎಂದು ಬರೆದುಕೊಂಡು, ಅಲ್ಲಿಂದ ಮುಂದೆ ಬರುವ ಒಂಟಿ ಸಂದೇಶಗಳನ್ನೂ ಸೇರಿಸಿ ಎಲ್ಲವನ್ನೂ ಮೂರು ದಿನ ತಿರಸ್ಕರಿಸುವುದು. ದಿನಕ್ಕೆ ಮೂವತ್ತು ಲಕ್ಷ ಕರೆ ಮಾಡಬೇಕಾದ್ದರಿಂದ ಒಂದು ವಿಳಾಸಕ್ಕೆ ಒಂದೇ ಕರೆ. ಜನ ಗಾಬರಿಯಾಗಬಾರದೆಂದು ಗಂಟೆ ತೆಗೆದು, ಮನೆಯವರೇ ಕರೆದಂತೆ ಮೆಲುದನಿ ಇಟ್ಟವಳು ಅಂಬುಜಾ.

ಸಂದೇಶದಲ್ಲಿ ಏನಿದೆ ಎಂದು ಹೆಬ್ಬಾಗಿಲು ಓದುವುದಿಲ್ಲ. ಓದುವ ಹಕ್ಕು ಅದಕ್ಕಿಲ್ಲ. ತಿರಸ್ಕರಿಸಿದ್ದನ್ನು ಮುಚ್ಚಿದ ಹಾಗೆಯೇ, ಕಾರಣ ಬರೆದು, ಕಳಿಸಿದ ವಿಳಾಸಕ್ಕೇ ಹಿಂತಿರುಗಿಸುತ್ತದೆ. ಆದರೆ ಆ ವಿಳಾಸ ಸತ್ತದ್ದು. ಹಾಗಾಗಿ ತಿರಸ್ಕಾರದ ಪತ್ರಗಳು ಎಲ್ಲಿಗೂ ಹೋಗಲಾರದೆ ಹೊಸ್ತಿಲ ಈಚೆಗೆ ಸಾಲಾಗಿ ನಿಲ್ಲುತ್ತವೆ. ಅದನ್ನು ಯಾರೂ ತಪ್ಪು ಎಂದುಕೊಂಡಿರಲಿಲ್ಲ. ಇಲ್ಲದ ಮನೆಗೆ ಪತ್ರ ತಲುಪದಿದ್ದರೆ ಯಾರಿಗೇನು?

*

ಹನ್ನೊಂದೂವರೆಗೆ ಕೆಂಚಿ ವಾಂತಿ ಮಾಡಿದಳು. ಮೈಯೆಲ್ಲ ಬೆವರು, ಕೈಕಾಲು ಮಾತ್ರ ತಣ್ಣಗೆ. ದೇವೀರಿ ಮತ್ತೆ ಒತ್ತಿದಳು, ಮತ್ತೆ ಹೇಳಿದಳು. ಠಾಣೆಗೊಂದೇ ಹೇಳಿದಳು. ಮೂವತ್ತು ಕಿಲೋಮೀಟರ್ ಆಚೆ ಹಲಗೆ ತೊಳೆಯುವವರ ತಂಗುಮನೆಯಲ್ಲಿದ್ದ ಗಂಡ ರುದ್ರೇಶನಿಗೊಂದೇ ಹೇಳಿದಳು. ಪ್ರತಿ ಸಲವೂ ಪೆಟ್ಟಿಗೆ ಅದೇ ಮಾತು ತೋರಿಸಿತು: ಕಳಿಸಲಾಗಿದೆ.

ಎಲ್ಲರಿಗೂ ಹೋಗಿದೆ. ಯಾರೂ ಬರುತ್ತಿಲ್ಲ.

ಅದು ಅವಳಿಗೆ ಅರ್ಥವಾಗಲಿಲ್ಲ. ಗಾಡಿ ಕೆಟ್ಟಿರಬಹುದು, ಆದರೆ ಒಂದು ಮಾತು? "ಹೆದರಬೇಡ ದೇವೀರಿ" ಎಂದು ಒಂದು ಮಾತು ಹೇಳಲು ನಾನ್ನೂರು ಮನೆಯಲ್ಲಿ ಒಬ್ಬರಿಗೂ ನಾಲಿಗೆಯಿಲ್ಲವೆ? ಪಕ್ಕದ ಮನೆಯ ಲಕ್ಕವ್ವನ ಹೆರಿಗೆಯಲ್ಲಿ ಮೂರು ದಿನ ನಿಂತವಳು ತಾನು. ಎದುರು ಸಾಲಿನ ಗೌರಸಮುದ್ರದವರ ಜೊತೆ ನೀರಿನ ಸರದಿಯಲ್ಲಿ ಜಗಳವಾಡಿದ್ದು ನಿಜ, ಹೋದ ತಿಂಗಳು. ಅದಕ್ಕೆ ಹೀಗೆ ಮಾಡುತ್ತಾರೆಯೆ? ಮಗುವಿನ ಪ್ರಾಣಕ್ಕೆ? ಒಬ್ಬೊಬ್ಬರ ಮುಖವೂ ಕಣ್ಣಮುಂದೆ ಬಂತು. ಬಂದ ಮುಖವೆಲ್ಲ ಅವಳನ್ನು ನೋಡಿ ಬಾಗಿಲು ಹಾಕಿಕೊಂಡಂತಾಯಿತು.

"ಹುಣಸೆಹಣ್ಣು ಹಚ್ಲಾ?" ಎಂದು ಓಬಜ್ಜಿ ಕೇಳಿದಳು.

"ಹಚ್ಚಿ ಅತ್ತೆ. ಏನಾದ್ರೂ ಹಚ್ಚಿ. ಆದ್ರೆ ಕೈಗೆ ಬಿಗಿಯಾಗಿ ಕಟ್ಟಬ್ಯಾಡಿ, ಡಾಕ್ಟರಮ್ಮ ಬ್ಯಾಡ ಅಂದೌರೆ."

ಅವಳು ಹಾರೆ ತಂದು ಬಾಗಿಲ ಸಂದಿಗೆ ಇಟ್ಟು ಮೀಟಿದಳು. ಹಾರೆ ಜಾರಿತು. ಕಬ್ಬಿಣದ ಬಾಗಿಲು ಒಳಬದಿಯಲ್ಲೂ ಬಿಸಿಯಾಗಿತ್ತು. ಅಂಗೈ ಇಟ್ಟು ತಟ್ಟನೆ ತೆಗೆದಳು. ತೆರೆದರೂ ಏನು? ಈ ಬಿಸಿಲಲ್ಲಿ ಮೂರು ಕಿಲೋಮೀಟರ್ ಮಗುವನ್ನು ಹೊತ್ತು ನಡೆದರೆ ಚೇಳಿಗಿಂತ ಮೊದಲು ಬಿಸಿಲೇ ತಿನ್ನುತ್ತದೆ. ಅವಳು ಹಾರೆಯನ್ನು ಗೋಡೆಗೆ ಒರಗಿಸಿ ಮರಳಿ ಪೆಟ್ಟಿಗೆಯ ಮುಂದೆ ನಿಂತಳು.

"ಅಮ್ಮಾ, ಎದೆ ಗುದ್ದುತೈತೆ" ಅಂದಳು ಕೆಂಚಿ.

"ಬತ್ತಾರೆ ಚಿನ್ನ. ಗಾಡಿ ಬತ್ತೈತೆ. ನೀನೇ ಮುಂದೆ ಕೂತ್ಕೊಳ್ಳುವಂತೆ."

*

ಹನ್ನೆರಡೂವರೆಗೆ ಅಂಬುಜಾ ಬುತ್ತಿ ಬಿಚ್ಚಿಟ್ಟುಕೊಂಡು, ಸತ್ತ ವಿಳಾಸಗಳ ಪಟ್ಟಿಯನ್ನು ಸುಮ್ಮನೆ ಉರುಳಿಸುತ್ತಿದ್ದಳು. ಒಂದು ಸಾಲಿನಲ್ಲಿ ಬೆರಳು ನಿಂತಿತು. ಹಲಗೆಹಟ್ಟಿ, ಏಳನೇ ಸಾಲು, ಮನೆ ಇಪ್ಪತ್ತಮೂರು. ಎರಡು ತಾಸಿನಲ್ಲಿ ನಲವತ್ತೊಂಬತ್ತು ಸಂದೇಶ.

"ಯಂತ್ರ ಕಣಮ್ಮ" ಅಂದರು ತಿಮ್ಮರಾಯಪ್ಪ, ನೋಡದೆಯೇ.

"ಯಂತ್ರ ವಿಳಾಸ ಬದಲಾಯಿಸುತ್ತೆ ಸಾರ್. ಒಂದು ಬಾಗಿಲು ಮುಚ್ಚಿದ್ರೆ ಇನ್ನೊಂದು ಹೆಸರಲ್ಲಿ ಬರುತ್ತೆ. ಇದು ಅದೇ ಬಾಗಿಲನ್ನೇ ಬಡೀತಿದೆ."

ಅವಳು ಸಂದೇಶಗಳ ಹೊತ್ತುಗಳನ್ನು ಬಿಡಿಸಿ ನೋಡಿದಳು. ಎರಡು ನಿಮಿಷಕ್ಕೊಂದು, ಒಂದು ನಿಮಿಷಕ್ಕೊಂದು. ಆಮೇಲೆ ಹನ್ನೊಂದು ನಿಮಿಷ ಏನೂ ಇಲ್ಲ. ಆಮೇಲೆ ಇಪ್ಪತ್ತು ಸೆಕೆಂಡಿನೊಳಗೆ ಮೂರು. ಮತ್ತೆ ಬಿಡುವು. ಯಂತ್ರಕ್ಕೆ ಯಾಕೆ ಬಿಡುವು? ಹನ್ನೊಂದು ನಿಮಿಷ ಅದು ಏನು ಮಾಡುತ್ತಿತ್ತು? ಅಂಬುಜಾಳ ಮನೆಯಲ್ಲಿ ಎರಡು ವರ್ಷದ ಮಗನಿದ್ದ. ಗಂಡನಿಗೆ ಅವಳು ಕಳಿಸುವ ಸಂದೇಶಗಳೂ ಹೀಗೇ ಇರುತ್ತಿದ್ದವು: ಒಂದು ಮಾತು, ನಡುವೆ ಮಗು ಬಿದ್ದು ಎದ್ದು ಮುಖ ತೊಳೆಸಿ ಮಲಗಿಸಿದ ಹೊತ್ತು, ಮತ್ತೊಂದು ಮಾತು. ಯಾರದೋ ಎರಡೂ ಕೈಗೆ ಕೆಲಸವಿತ್ತು, ಹನ್ನೊಂದು ನಿಮಿಷ.

"ಸಾರ್" ಎಂದು ಕರೆದಳು.

ತಿಮ್ಮರಾಯಪ್ಪ ಬೆನ್ನು ತಿರುಗಿಸಿ ಕಾಫಿ ಬಗ್ಗಿಸಿಕೊಳ್ಳುತ್ತಿದ್ದರು. ಓಗೊಡಲಿಲ್ಲ.

"ಸಾರ್."

ಇಲ್ಲ.

"ತಿಮ್ಮರಾಯಪ್ಪ ಸಾರ್!"

"ಹೇಳಮ್ಮ."

"ಪಕ್ಕದಲ್ಲೇ ಇದೀರ. ಮೂರು ಸಲ ಕೂಗಬೇಕಾ ನಿಮ್ಮನ್ನ?"

ಅವರು ನಕ್ಕರು. "ನಮ್ಮ ಹಟ್ಟಿ ಕಡೆಯೋರಿಗೆ ಅದು ರಕ್ತದಲ್ಲೇ ಬಂದಿರೋದು. ಮೊದಲನೇ ಕೂಗಿಗೆ ಓಗೊಟ್ರೆ ನಮ್ಮವ್ವ ಸೌಟಲ್ಲಿ ಹೊಡೀತಿದ್ಲು. ಒಂದೇ ಸಲ ಕೂಗೋದು ದೆವ್ವ, ಮನುಷ್ಯ ಅಲ್ಲ ಅಂತ..."

ಕಾಫಿ ಲೋಟ ತುಂಬಿ ಮೇಜಿನ ಮೇಲೆ ಹರಿಯಿತು.

"ನಾವು ಎಷ್ಟು ಸಲ ಕೂಗ್ತೀವಿ ಸಾರ್?" ಅಂಬುಜಾಳ ದನಿ ಸಣ್ಣಗಾಗಿತ್ತು.

"ಆದರೆ ತಿಳುವಳಿಕೆ ಪತ್ರ ಕಳಿಸಿದೀವಲ್ಲಮ್ಮ! ಹೀಗೊಂದು ದನಿ ಬರುತ್ತೆ, ಓ ಅನ್ನಿ ಅಂತ. ಎಲ್ಲಾ ಮನೆಗೂ ಕಳಿಸಿದೀವಿ."

ಅಂಬುಜಾ ಆ ಪತ್ರವನ್ನು ಹುಡುಕಿದಳು. ಮೊದಲ ದಿನ, ಹೆಬ್ಬಾಗಿಲು ತೆರೆದ ನಾಲ್ಕನೇ ನಿಮಿಷಕ್ಕೆ ಕಚೇರಿಯಿಂದ ಅದು ಹೊರಟಿತ್ತು, ಕಚೇರಿಯ ಪತ್ರಗಳೆಲ್ಲ ಹೊರಡುವ ವಿಳಾಸದಿಂದ. ಆ ವಿಳಾಸದ ಹೆಸರು 'ಉತ್ತರಿಸಬೇಡಿ'. ಅಲ್ಲಿ ಯಾರೂ ಕೂರುವುದಿಲ್ಲ. ಹೆಬ್ಬಾಗಿಲು ಆ ವಿಳಾಸಕ್ಕೂ ತಿರುಗಿ ಕರೆದಿತ್ತು. ಯಾರೂ ಓಗೊಟ್ಟಿರಲಿಲ್ಲ.

"ಯಾರಿಗೂ ಹೋಗಿಲ್ಲ ಸಾರ್. ನಮ್ಮ ಪತ್ರಾನ ನಮ್ಮ ಬಾಗಿಲೇ ತಡೆದಿದೆ."

ತಿಮ್ಮರಾಯಪ್ಪ ಒದ್ದೆ ಮೇಜನ್ನು ಕೈಯಿಂದಲೇ ಒರೆಸುತ್ತಾ ನಿಂತರು. ಸತ್ತ ವಿಳಾಸದ ಜೊತೆ ಕೋಣೆಯವರು ಮಾತಾಡಕೂಡದು ಎಂಬ ಕಟ್ಟಳೆಯನ್ನು ಬರೆದವರು ಅವರೇ. ಮಾತಾಡಿದರೆ ಅಳು ಕೇಳಿಸುತ್ತದೆ, ಅಳು ಕೇಳಿದರೆ ಗಾಡಿ ಕಳಿಸುತ್ತೇವೆ, ಗಾಡಿಯಲ್ಲಿ ಇಬ್ಬರು ಇರುತ್ತಾರೆ.

"ಸುಳ್ಳಾಗಿದ್ರೆ?" ಅಂದರು.

"ನಿಜ ಆಗಿದ್ರೆ?"

ಆಗಲೇ ಪರದೆಯ ಮೇಲೆ ನಲವತ್ತೊಂಬತ್ತು ಹೋಗಿ ಅರವತ್ತಮೂರು ಆಗಿತ್ತು. ಆಮೇಲೆ ಅಂಕೆ ಬದಲಾಗಲಿಲ್ಲ. ಇಬ್ಬರೂ ಅದನ್ನೇ ನೋಡುತ್ತ ನಿಂತರು. ಐದು ನಿಮಿಷ. ಆರು ನಿಮಿಷ. ಅರವತ್ತಮೂರು ಅರವತ್ತಮೂರಾಗಿಯೇ ಉಳಿಯಿತು.

ತಿಮ್ಮರಾಯಪ್ಪ ಸತ್ತ ವಿಳಾಸಗಳ ದಾರಿ ತೆರೆಯುವ ಕೀಲಿಯನ್ನು ಕೊರಳಿನಿಂದ ತೆಗೆದು ಮೇಜಿನ ಮೇಲಿಟ್ಟರು. "ಕೂಗು. ಓಗೊಡೋವರೆಗೂ ಕೂಗು."

*

ದೇವೀರಿ ಪೆಟ್ಟಿಗೆ ಬಿಟ್ಟು ಬಂದಿದ್ದಳು. ಕೆಂಚಿಗೆ ಕೆಮ್ಮು ಶುರುವಾಗಿತ್ತು. ಮಲಗಿಸಿದರೆ ಉಸಿರು ಕಟ್ಟುತ್ತಿತ್ತು. ಅವಳನ್ನು ನೆಟ್ಟಗೆ ಎದೆಗೆ ಆನಿಸಿಕೊಂಡು, ಬೆನ್ನು ನೀವುತ್ತಾ ಕೂತಿದ್ದಳು. ಇನ್ನು ಯಾರನ್ನೂ ಕರೆಯುವುದಿಲ್ಲ ಎಂದುಕೊಂಡಿದ್ದಳು. ಆರು ಗಂಟೆಗೆ ಬಾಗಿಲು ತೆರೆಯುತ್ತದೆ. ಆರು ಗಂಟೆಯವರೆಗೆ ಮಗುವಿಗೆ ತನ್ನ ಎದೆಬಡಿತವನ್ನಾದರೂ ಕೇಳಿಸುತ್ತಿರುತ್ತೇನೆ.

"ದೇವೀರಮ್ಮ."

ಬೇರೆ ದನಿ. ಅದರಲ್ಲಿ ಅಕ್ಕರೆ ಇರಲಿಲ್ಲ, ಆತುರವಿತ್ತು. ಓಬಜ್ಜಿ ಸರಕ್ಕನೆ ಎದ್ದು ನಿಂತು ಕೈ ಅಡ್ಡ ಹಿಡಿದಳು.

"ದೇವೀರಮ್ಮ! ಇದೀರಾ?"

ಅಜ್ಜಿಯ ಕೈ ಇಳಿಯಿತು. ಬಾಯಿ ತೆರೆಯಿತು. ಮೂರನೆಯ ಸಲ "ದೇವೀ..." ಎಂಬಷ್ಟರಲ್ಲಿ ಅವಳು ಸೊಸೆಯ ಭುಜ ಹಿಡಿದು ಅಲ್ಲಾಡಿಸಿದಳು. "ಮನುಷ್ಯರು ಕಣೇ! ಓಗೊಡು! ಓ ಅನ್ನು!"

"ಓ!" ದೇವೀರಿ ಕಿರುಚಿದಳು. "ಇದೀನಿ! ಇಲ್ಲೇ ಇದೀವಿ! ಯಾಕ್ರೀ ಯಾರೂ ಬರಲಿಲ್ಲ? ನನ್ನ ಮಗೂಗೆ ಚೇಳು ಕಡಿದು ಎರಡೂವರೆ ತಾಸಾಯ್ತು!"

ಒಂದೂ ಮೂವತ್ತೈದಕ್ಕೆ ತಂಪುಗಾಡಿ ಹೊಸ್ತಿಲಿಗೆ ಬಂದು ಆತುಕೊಂಡಿತು. ಬಾಗಿಲು ತೆರೆಯಿತು. ಬೆಂಕಿಯಂಥ ಗಾಳಿ ಒಳಗೆ ನುಗ್ಗಿತು. ಗಾಡಿಯ ನರ್ಸಮ್ಮ ಮಗುವಿನ ಕಣ್ಣು ನೋಡಿದಳು, ಎದೆಗೆ ಕಿವಿಗೊಟ್ಟಳು, ತಟ್ಟನೆ ಎತ್ತಿಕೊಂಡಳು. ಆ ಅವಸರ ಓಬಜ್ಜಿಗೆ ಕಾಣಿಸಿತು.

"ಒಬ್ಬರೇ ಬನ್ನಿ. ಜಾಗ ಇಲ್ಲ."

ದೇವೀರಿ ಹತ್ತಿದಳು. ತಿರುಗಿಯೂ ನೋಡಲಿಲ್ಲ. ಗಾಡಿ ಸರಿಯಿತು, ಬಾಗಿಲು ಮುಚ್ಚಿಕೊಂಡಿತು.

ಓಬಜ್ಜಿ ಒಬ್ಬಳೇ ಉಳಿದಳು. ವಾಂತಿಯ ಬಟ್ಟೆಯನ್ನು ಮಡಿಸಿ ಮೂಲೆಗಿಟ್ಟಳು. ಚೆಲ್ಲಿದ್ದ ಅಕ್ಕಿಯನ್ನು ಒಂದೊಂದೇ ಆರಿಸಿ ಮೊರಕ್ಕೆ ಹಾಕಿದಳು. ಆಗ ಪೆಟ್ಟಿಗೆ ಗಂಟೆ ಬಾರಿಸಿತು.

ಇಪ್ಪತ್ತಮೂರನೇ ಮನೆ ಈಗ ಮತ್ತೆ ಜೀವಂತ ವಿಳಾಸ. ಹೊಸ್ತಿಲ ಈಚೆಗೆ ನಿಂತಿದ್ದ ತಿರಸ್ಕಾರದ ಪತ್ರಗಳೆಲ್ಲ ಹೊರಟುಬಂದಿದ್ದವು, ಬಂದ ಸಾಲಿನಲ್ಲೇ, ಒಂದೊಂದಾಗಿ. ಬಾಗಿಲುಕೋಣೆಯಲ್ಲಿ ಅಂಬುಜಾ ಅವನ್ನು ತಡೆಯಲು ನೋಡುತ್ತಿದ್ದಳು. ಸಾಧ್ಯವಾಗಲಿಲ್ಲ, ಯಾವುದೂ ಸಾಲು ಮುರಿಯದಂತೆ ಕಟ್ಟಿದ್ದು ಅವಳೇ. ಠಾಣೆಯಿಂದ ಮುಂದೆ ಏನು ಸುದ್ದಿ ಬಂದರೂ ಅದು ಅರವತ್ತಮೂರರ ಹಿಂದೆ ನಿಲ್ಲಬೇಕು.

"ನಿಮ್ಮ ಸಂದೇಶವನ್ನು ತಲುಪಿಸಲಾಗಿಲ್ಲ" ಅಂದಿತು ಪೆಟ್ಟಿಗೆ. "ಕಾರಣ: ಈ ವಿಳಾಸದಲ್ಲಿ ಯಾರೂ ಇಲ್ಲ. ನಿಮ್ಮ ಸಂದೇಶ ಹೀಗಿತ್ತು." ಆಮೇಲೆ ದೇವೀರಿಯ ದನಿ: "ಏಳನೇ ಸಾಲು ಇಪ್ಪತ್ತಮೂರು. ನಮ್ಮ ಕೆಂಚಿಗೆ ಕೆಂಪು ಚೇಳು ಕಡಿದೈತೆ..."

ಓಬಜ್ಜಿ ಪೆಟ್ಟಿಗೆಯನ್ನೇ ನೋಡಿದಳು. ಎರಡನೆಯದು ಬಂತು. ಯಾರೂ ಇಲ್ಲ. ಮೂರನೆಯದು. ಯಾರೂ ಇಲ್ಲ. ನಾಲ್ಕನೆಯದರ ಹೊತ್ತಿಗೆ ಅವಳಿಗೆ ತಿಳಿಯಿತು: ಊರು ಕೈಬಿಟ್ಟಿರಲಿಲ್ಲ, ಊರಿಗೆ ಕೇಳಿಸಿಯೇ ಇರಲಿಲ್ಲ. ಆ ಒಂದು ಕೂಗು ಇದಕ್ಕಾಗಿ ಬಂದದ್ದು. ಬಾಯಿ ಮುಚ್ಚಿದ ಕೈ ತನ್ನದು. ಅವಳು ಮಣೆ ಎಳೆದುಕೊಂಡು ಪೆಟ್ಟಿಗೆಯ ಮುಂದೆ ಕೂತಳು, ಕಟ್ಟೆಯ ಮುಂದೆ ನ್ಯಾಯ ಕೇಳಲು ಕೂತವಳಂತೆ.

"ಈ ವಿಳಾಸದಲ್ಲಿ ಯಾರೂ ಇಲ್ಲ."

"ನಾನಿದ್ನಲ್ಲವ್ವ" ಅಂದಳು ಮೆಲ್ಲಗೆ.

ಹನ್ನೆರಡನೆಯದರಲ್ಲಿ ದೇವೀರಿ ಬೇಡುತ್ತಿದ್ದಳು. ಮೂವತ್ತನೆಯದರಲ್ಲಿ ಲಕ್ಕವ್ವನನ್ನು ಹೆಸರು ಹಿಡಿದು ಬೈಯುತ್ತಿದ್ದಳು. ನಲವತ್ತನೆಯದರಲ್ಲಿ ನೀರಿನ ಜಗಳಕ್ಕೆ ತಪ್ಪಾಯ್ತು ಎನ್ನುತ್ತಿದ್ದಳು, ನಿಮ್ಮ ಕಾಲು ಹಿಡೀತೀನಿ ಎನ್ನುತ್ತಿದ್ದಳು. ಹಿಂದೆ ಕೆಂಚಿಯ ನರಳಾಟ ಪ್ರತಿ ಸಲಕ್ಕೂ ಸಣ್ಣಗಾಗುತ್ತಾ ಬಂತು. ಐವತ್ತೇಳರ ನಂತರ ಕೇಳಿಸಲಿಲ್ಲ. ಅರವತ್ತಮೂರನೆಯದರಲ್ಲಿ ಮಾತೇ ಇರಲಿಲ್ಲ; ಯಾರೋ ಉಸಿರಾಡಿದ ಸದ್ದು, ಆಮೇಲೆ ಗುಂಡಿಯಿಂದ ಬೆರಳು ತೆಗೆದ ಟಕ್ ಎಂಬ ಸದ್ದು.

ಪೆಟ್ಟಿಗೆ ಸುಮ್ಮನಾಯಿತು. ಬಾಗಿಲ ಸಂದಿಯ ಬೆಳಕು ಹಳದಿಯಾಗಿತ್ತು. ಓಬಜ್ಜಿ ಏಳಲಿಲ್ಲ. ಏಳಲು ಧೈರ್ಯವಿರಲಿಲ್ಲ.

ಮತ್ತೆ ಗಂಟೆ ಬಾರಿಸಿತು.

ಮೊದಲು ಒಂದು ಅಳು. ಗಂಟಲು ಹರಿಯುವಂಥ, ಸಿಟ್ಟಿನ, ಕಾಲು ಒದೆಯುವ ಅಳು. ತಟ್ಟೆಯೊಂದು ಉರುಳಿ ಬಿದ್ದ ಸದ್ದು. "ಹೋಗೇ! ನಿನ್ನ ಸೂಜಿ ಮುರಿದೋಗ! ನಾನು ನಮ್ಮಜ್ಜಿಗೆ ಹೇಳ್ತೀನಿ ನೋಡು!" ನಡುವೆ ಯಾರೋ ನಕ್ಕರು. ಯಾರೋ "ಹಿಡ್ಕೊಳಿ, ಹಿಡ್ಕೊಳಿ" ಅಂದರು. ಆಮೇಲೆ ದೇವೀರಿಯ ಬಳಲಿದ ದನಿ: "ಅತ್ತೆ, ಕೇಳಿಸ್ತಾ?"

ಓಬಜ್ಜಿ ಗೋಡೆ ಹಿಡಿದು ಎದ್ದು, ಪೆಟ್ಟಿಗೆಗೆ ಕೆನ್ನೆ ಒತ್ತಿ ನಿಂತಳು. ಮಗು ಇನ್ನೂ ಬೈಯುತ್ತಲೇ ಇತ್ತು.